ಜೈಲಿನಲ್ಲಿರುವ ಮನೆಯವರಿಗೆ ಹಣ ಕಳಿಸುವುದು ಹೇಗೆ?

ಮನೆಯವರೊಬ್ಬರು ಜೈಲು ಸೇರಿದ ವಾರ ವಕೀಲರು, ಜಾಮೀನು, ಕೋರ್ಟ್ ತಾರೀಖು ಅಂತ ತಲೆ ತುಂಬಿಹೋಗಿರುತ್ತದೆ. ಅಷ್ಟರಲ್ಲಿ ಒಳಗಿನಿಂದ ಮಾತು ಬರುತ್ತದೆ: ಸ್ವಲ್ಪ ದುಡ್ಡು ಕಳಿಸಿ. ಊಟ ಸರ್ಕಾರವೇ ಕೊಡುತ್ತದೆ, ನಿಜ. ಆದರೆ ಇಷ್ಟದ ಸೋಪು, ಬಿಸ್ಕತ್ತು ಬೇಕಾದರೆ ಜೈಲಿನ ಕ್ಯಾಂಟೀನಿನಲ್ಲಿ ಕೊಳ್ಳಬೇಕು. ಶಿಕ್ಷೆಯಾದವರಿಗೆ ಜೈಲಿನ ಕೆಲಸಕ್ಕೆ ಕೂಲಿ ಸಿಗುತ್ತದೆ. ವಿಚಾರಣಾಧೀನ ಕೈದಿಗೆ ಹೆಚ್ಚಾಗಿ ಮನೆಯವರೇ ಗತಿ.

ನೀವು ಕಳಿಸಿದ್ದು ಅವರ ಕೈಗೆ ನೋಟಾಗಿ ಸೇರುವುದಿಲ್ಲ. ಕೈದಿಯ ಹೆಸರಿನಲ್ಲಿ ಜೈಲು ಕಚೇರಿ ಒಂದು ಲೆಕ್ಕ ಇಡುತ್ತದೆ. ಅದಕ್ಕೆ ಪಿಪಿಸಿ ಖಾತೆ ಅನ್ನುತ್ತಾರೆ. ಹಣ ಅಲ್ಲಿಗೆ ಜಮೆಯಾಗುತ್ತದೆ, ಕ್ಯಾಂಟೀನಿನಲ್ಲಿ ಕೊಂಡಷ್ಟು ಕಳೆಯುತ್ತದೆ.

ಹಾಗಾಗಿ ಮೊದಲ ಕೆಲಸ, ಅವರ ಕೈದಿ ಸಂಖ್ಯೆ ತಿಳಿದುಕೊಳ್ಳುವುದು. ವಿಚಾರಣಾಧೀನರಾದರೆ ಯುಟಿಪಿ ನಂಬರ್ ಅಂತ ಕೇಳಿ. ವಕೀಲರ ಹತ್ತಿರ ಇರಬಹುದು. ಇಲ್ಲದಿದ್ದರೆ ಸಂದರ್ಶನಕ್ಕೆ ಹೋದಾಗ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ.

ಹೆಸರಿನ ವಿಷಯದಲ್ಲಿ ತುಂಬ ಹುಷಾರಾಗಿರಬೇಕು. ನನ್ನ ಚಿಕ್ಕಪ್ಪನ ಮಗ ಒಳಗಿದ್ದಾಗ ಮನೆಯಲ್ಲಿ ಕರೆಯುವ ಹೆಸರು ಬರೆದು ಕಳಿಸಿದ್ದೆವು. ಹಣ ವಾಪಸ್ ಬಂತು. ಅವನು ಮೂರು ವಾರ ಕಾಯ್ದ, ನಾವು ಮರೆತೆವು ಅಂತಲೇ ಅಂದುಕೊಂಡಿದ್ದ. ಅದು ಈಗಲೂ ನನಗೆ ನೋಯುತ್ತದೆ. ಎಫ್‌ಐಆರ್‌ನಲ್ಲಿ ‘ಇಂಥವರು ಬಿನ್ ಇಂಥವರು’ ಅಂತ ಹೇಗಿದೆಯೋ ಹಾಗೇ ಬರೆಯಿರಿ. ಇನಿಷಿಯಲ್ ಕೂಡ ಬಿಡಬೇಡಿ.

ಮುಂದೆ, ಆ ಜೈಲಿನಲ್ಲಿ ಯಾವ ದಾರಿಯಲ್ಲಿ ಹಣ ತೆಗೆದುಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಮಿತಿ ಅಂತ ಕಚೇರಿಯಲ್ಲೇ ವಿಚಾರಿಸಿ. ಪರಪ್ಪನ ಅಗ್ರಹಾರದ ನಿಯಮವನ್ನು ಹಿಂಡಲಗಾಕ್ಕೆ ಅನ್ವಯಿಸಿಕೊಂಡು ಹೊರಡಬೇಡಿ. ಮಿತಿ ಆಗಾಗ ಬದಲಾಗುತ್ತದೆ.

ಹಳ್ಳಿಯವರಿಗೂ ಸುಲಭವಾದ ದಾರಿ ಅಂಚೆ ಕಚೇರಿಯ ಮನಿ ಆರ್ಡರ್. ಒಂದು ಎಂಓದಲ್ಲಿ 5,000 ರೂಪಾಯಿವರೆಗೆ ಕಳಿಸಬಹುದು. ಪ್ರತಿ 20 ರೂಪಾಯಿಗೆ 1 ರೂಪಾಯಿ ಕಮಿಷನ್. ಅಂದರೆ 1,000ಕ್ಕೆ 50. ಎರಡು ಸಲ 500 ಕಳಿಸಿದರೂ ಕಮಿಷನ್ ಅಷ್ಟೇ. ಹಾಗಾಗಿ ಒಟ್ಟಿಗೆ ಜಾಸ್ತಿ ಹೊಂದಿಸಲು ಒದ್ದಾಡಬೇಡಿ, ಸ್ವಲ್ಪ ಸ್ವಲ್ಪವಾಗಿ ತಪ್ಪದೆ ಕಳಿಸಿ. ಫಾರಂನಲ್ಲಿ ಕೈದಿಯ ಪೂರ್ತಿ ಹೆಸರು, ಸಂಖ್ಯೆ, ಜೈಲಿನ ಪೂರ್ತಿ ವಿಳಾಸ, ಪಿನ್ ಕೋಡ್, ನಿಮ್ಮ ಹೆಸರು, ವಿಳಾಸ ಬಿಡಿಸಿ ಬರೆಯಿರಿ. ರಸೀದಿ ಜೋಪಾನ.

ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವ ಅಣ್ಣ ಇದ್ದರೆ, ಅವರು ಊರಿನ ಮನೆಯವರ ಖಾತೆಗೆ ಹಾಕಲಿ. ಜೈಲಿಗೆ ಇಲ್ಲಿಂದಲೇ ಕಳಿಸಿ.

ಇನ್ನೊಂದು ಮಾತು ದಯವಿಟ್ಟು ಕೇಳಿ. ‘ನಿಮ್ಮ ಹುಡುಗನಿಗೆ ಒಳಗೆ ತೊಂದರೆ ಆಗ್ತಿದೆ, ಈ ನಂಬರಿಗೆ ಫೋನ್‌ಪೇ ಮಾಡಿ’ ಅಂತ ಯಾರಾದರೂ ಕರೆ ಮಾಡಿದರೆ ಒಂದು ರೂಪಾಯಿಯೂ ಹಾಕಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತಾರೆ. ಹೆದರಿಕೆಯಾದರೆ ನೇರವಾಗಿ ಸಂದರ್ಶನಕ್ಕೆ ಹೋಗಿ, ಇಲ್ಲವೇ ಸಂದರ್ಶನ ಕೇಳಿಕೊಳ್ಳುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಇ-ಮುಲಾಖಾತ್‌ನಲ್ಲಿ ಹೆಸರು ನೋಂದಾಯಿಸಿ, ಅವರನ್ನೇ ಕೇಳಿ. ಸಂದರ್ಶನದಲ್ಲಿ ಗುಟ್ಟಾಗಿ ನೋಟು ಕೊಡಲು ಹೋಗಬೇಡಿ. ಸಿಕ್ಕಿಬಿದ್ದರೆ ತೊಂದರೆ ಒಳಗಿರುವವರಿಗೇ.

ಕೈಯಲ್ಲಿ ಹಣವೇ ಇಲ್ಲದಿದ್ದರೆ? ವಕೀಲರಿಗಾಗಿ ಸಾಲ ಮಾಡುವ ಮೊದಲು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಜಾಮೀನು ಸಿಕ್ಕಿಯೂ ಹಣ ಕಟ್ಟಲಾಗದ ಬಡ ಕೈದಿಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ಎಲ್ಲ ಪ್ರಕರಣಗಳಿಗೂ ಅದು ಸಿಗುವುದಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಬೇರೆ ಜೈಲಿಗೆ ವರ್ಗವಾಗುವ ಸುದ್ದಿ ಇದ್ದರೆ ಸ್ವಲ್ಪ ತಡೆಯಿರಿ. ಅಲ್ಲಿ ಸೇರಿದ್ದು ಖಚಿತವಾದ ಮೇಲೆ ಕಳಿಸಿ.

ಬಿಡುಗಡೆಯ ದಿನ ಉಳಿದ ಹಣವನ್ನು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ನಮ್ಮ ಹುಡುಗ ಆ ದುಡ್ಡಿನಲ್ಲೇ ಬಸ್ ಟಿಕೆಟ್ ತೆಗೆದು, ಚಿಕ್ಕಮ್ಮನಿಗೆ ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಮನೆಗೆ ಬಂದ.