ಐರನ್ ನೈಟ್ರೈಡ್ ನ್ಯಾನೊ ಪುಡಿ: ಕುಲುಮೆ ತೆರೆಯಲು ಅವಸರ ಬೇಡ

ಕುಲುಮೆಯೊಳಗೆ ಚೆನ್ನಾಗಿ ತಯಾರಾದ ಐರನ್ ನೈಟ್ರೈಡ್, ಅಂದರೆ ಕಬ್ಬಿಣ ಮತ್ತು ನೈಟ್ರೋಜನ್ ಸೇರಿದ ಕಾಂತೀಯ ಪುಡಿ, ಹೊರಗೆ ತೆಗೆಯುವಾಗ ಹಾಳಾಗುತ್ತದೆ. ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಎಡವುವುದು ಇಲ್ಲೇ.

ನಮಗೆ ಬೇಕಿರುವುದು ನಾಲ್ಕು ಕಬ್ಬಿಣಕ್ಕೆ ಒಂದು ನೈಟ್ರೋಜನ್ ಇರುವ ರೂಪ. ಶುದ್ಧ ಕಬ್ಬಿಣದ ಕಾಂತತೆ ಗ್ರಾಂಗೆ ಸುಮಾರು 218 ಇಎಂಯು (ಕಾಂತತೆ ಅಳೆಯುವ ಮಾನ), ಇದರದು 180ರ ಆಸುಪಾಸು. ನೈಟ್ರೋಜನ್ ಜಾಸ್ತಿಯಾದರೆ ಅದು ಇಳಿಯುತ್ತದೆ. ಎರಡು ಕಬ್ಬಿಣಕ್ಕೆ ಒಂದು ನೈಟ್ರೋಜನ್ ಆಯಿತೋ, ಕೋಣೆಯ ಉಷ್ಣತೆಯಲ್ಲಿ ಅದು ಅಯಸ್ಕಾಂತವಾಗಿ ಉಳಿಯುವುದೇ ಇಲ್ಲ.

ಐರನ್ ಆಕ್ಸೈಡ್ ನ್ಯಾನೊ ಪುಡಿಯನ್ನು ಶಾಖ ತಡೆಯುವ ಅಲ್ಯೂಮಿನಾದ ಪುಟ್ಟ ತಟ್ಟೆ, ಅಂದರೆ ಬೋಟ್‌ನಲ್ಲಿ ತೆಳ್ಳಗೆ ಹರಡಿ, ಕುಲುಮೆಯ ಕೊಳವೆಯೊಳಗೆ ಇಡಿ. ಆರ್ಗಾನ್ ಹಾಯಿಸಿ ಗಾಳಿ ಹೊರಹಾಕಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು ಹೈಡ್ರೋಜನ್ ಬಿಡಿ, 400 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ. ಆಕ್ಸೈಡ್ ಕಬ್ಬಿಣವಾದ ಮೇಲೆ ನೈಟ್ರೋಜನ್ ಒದಗಿಸಲು ಅಮೋನಿಯಾ ಸೇರಿಸಿ, ಹೈಡ್ರೋಜನ್ ಜೊತೆ ಹೆಚ್ಚುಕಡಿಮೆ ಸಮಸಮ. ಬೇಗ ಮುಗಿಯಲಿ ಎಂದು ಉಷ್ಣತೆ ಏರಿಸಬೇಡಿ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸಮಯ ಹೆಚ್ಚು ಕೊಡಿ.

ಅಮೋನಿಯಾ ಒಣಗಿಸಲು ಕ್ಯಾಲ್ಸಿಯಂ ಕ್ಲೋರೈಡ್ ಬೇಡವೇ ಬೇಡ, ಅದು ಅಮೋನಿಯಾವನ್ನೇ ಹೀರುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ. ಹಿತ್ತಾಳೆ ಫಿಟ್ಟಿಂಗ್ ಅಗ್ಗ, ಆದರೆ ಅಮೋನಿಯಾ ಅದನ್ನು ತಿಂದುಹಾಕುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಹೊರಬರುವ ಅನಿಲವನ್ನು ಹೊಗೆ ಎಳೆದುಕೊಳ್ಳುವ ಫ್ಯೂಮ್ ಹುಡ್‌ನೊಳಗೆ ತೆಳು ಆಮ್ಲದಲ್ಲಿ ಹಾಯಿಸಿ. ನಡುವೆ ಒಂದು ಖಾಲಿ ಬಾಟಲಿ ಇಡಿ. ಇಲ್ಲದಿದ್ದರೆ ಕುಲುಮೆ ತಣ್ಣಗಾಗುವಾಗ ಆಮ್ಲ ಹಿಂದಕ್ಕೆ ಎಳೆದುಕೊಂಡು ಕೊಳವೆಯೊಳಗೆ ಬರುತ್ತದೆ.

ಈಗ ಕಷ್ಟದ ಘಟ್ಟ. ಕೊಳವೆ ಕೋಣೆಯ ಉಷ್ಣತೆಗೆ ಇಳಿಯಲಿ. ಆರ್ಗಾನ್ ಹಾಯಿಸಿ ಹೈಡ್ರೋಜನ್, ಅಮೋನಿಯಾ ಎರಡನ್ನೂ ಪೂರ್ತಿ ಹೊರಹಾಕಿ. ಮುಟ್ಟಿದರೆ ತಣ್ಣಗಿದೆ ಎಂದು ಮುಚ್ಚಳ ತೆಗೆದರೆ ಏನಾಗುತ್ತದೆ ಗೊತ್ತಾ? ಬೋಟ್‌ನ ಒಂದು ತುದಿಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡು ಮೆಲ್ಲಗೆ ಇನ್ನೊಂದು ತುದಿಗೆ ಹರಿಯುತ್ತದೆ. ಕಪ್ಪು ಪುಡಿ ಕಂದು ತುಕ್ಕಾಗುತ್ತದೆ. ಇಷ್ಟು ಸಣ್ಣ ಕಣ ಗಾಳಿ ಸೋಕಿದರೆ ಸಾಕು, ಉರಿಯುತ್ತದೆ.

ಅದಕ್ಕೇ ಆರ್ಗಾನ್‌ನಲ್ಲಿ ಶೇ 1ರಷ್ಟು ಆಮ್ಲಜನಕ ಬೆರೆಸಿದ ಸಿಲಿಂಡರ್ ತರಿಸಿ, ಇಡೀ ರಾತ್ರಿ ನಿಧಾನಕ್ಕೆ ಹಾಯಿಸಿ. ಬೋಟ್ ಪಕ್ಕದ ಥರ್ಮೋಕಪಲ್ (ಉಷ್ಣತೆ ತೋರಿಸುವ ತಂತಿ) ಮೇಲೆ ಕಣ್ಣಿರಲಿ. ಉಷ್ಣತೆ ಏರಿದರೆ ತಕ್ಷಣ ಶುದ್ಧ ಆರ್ಗಾನ್‌ಗೆ ಮರಳಿ. ಕಣದ ಮೇಲೆ ತೆಳುವಾದ ಆಕ್ಸೈಡ್ ಪದರ ಕೂರುವವರೆಗೂ ಕಾಯಲೇಬೇಕು. ಪುಡಿಯನ್ನು ಟಾಲೂಯಿನ್‌ನಲ್ಲಿ ಮುಳುಗಿಸುವ ಅಡ್ಡದಾರಿ ಸುಮ್ನೆ ಅಪಾಯ. ಟಾಲೂಯಿನ್ ಆರಿದ ಮೇಲೆ ಪುಡಿ ಹೊತ್ತಿಕೊಳ್ಳಬಹುದು, ಅದರ ಆವಿಯೂ ಉರಿಯುವಂಥದ್ದೇ. ಕೈಗೆಟುಕುವಲ್ಲಿ ಒಣ ಮರಳಿನ ಬಕೆಟ್ ಇರಲಿ.

ಕಾಂತತೆ ಅಳೆಯುವಾಗ ಪುಡಿಯನ್ನು ಮೇಣದಲ್ಲಿ ಗಟ್ಟಿಯಾಗಿ ಕೂರಿಸಿ. ಕಣಗಳು ತಿರುಗಿದರೆ ಲೂಪ್, ಅಂದರೆ ಕಾಂತಕ್ಷೇತ್ರಕ್ಕೆ ತಕ್ಕಂತೆ ಕಾಂತತೆ ಬದಲಾಗುವ ನಕ್ಷೆ, ನಂಬಲಾಗದು. ಅಂಕಿ 180ಕ್ಕಿಂತ ಕಡಿಮೆಯೇ ಬರುತ್ತದೆ, ಆಕ್ಸೈಡ್ ಪದರದ ತೂಕವೂ ಸೇರಿರುತ್ತದೆ ಅಲ್ವಾ. ತೀರಾ ಕಡಿಮೆಯಾದರೆ ಪುಡಿಯಲ್ಲಿ ಯಾವ ಯಾವ ರೂಪಗಳಿವೆ ಎಂದು ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್ ಪಟ ನೋಡಿ. ಅಲ್ಲಿ ನೈಟ್ರೋಜನ್ ಜಾಸ್ತಿಯಿರುವ ರೂಪದ ಗೆರೆಗಳು ಕಂಡರೆ ಮುಂದಿನ ಸಲ ಅಮೋನಿಯಾ ಇಳಿಸಿ, ಆಕ್ಸೈಡ್ ಗೆರೆಗಳು ಕಂಡರೆ ಆಮ್ಲಜನಕವನ್ನು ಇನ್ನೂ ನಿಧಾನಕ್ಕೆ ಬಿಡಿ.