ಅವ್ವನ ತಂಗಡಿ ಕಷಾಯ, ನನ್ನ ಅಗರ್ ತಟ್ಟೆ

ಬಾಯಿ ಹುಣ್ಣಾದರೆ ನಮ್ಮ ಅವ್ವ ಗುಳಿಗೆ ತರಿಸುವುದಿಲ್ಲ. ತಂಗಡಿ ಗಿಡದ ತೊಗಟೆ ಕುದಿಸಿ ಬಾಯಿ ಮುಕ್ಕಳಿಸುತ್ತಾಳೆ. ದೀಪಾವಳಿಗೆ ಸಗಣಿಯ ಪಾಂಡವರಿಗೆ ಸಿಗಿಸುವ ಹಳದಿ ಹೂವಿನ ಗಿಡ, ಅದೇ. ಕೊಪ್ಪಳದ ಸುತ್ತ ದಾರಿ ಬದಿಗೆ ಬೇಕಾದಷ್ಟಿದೆ. ನಾನು ಮೈಕ್ರೋಬಯಾಲಜಿ ಓದುತ್ತಿದ್ದೆ, ಕಾಲೇಜಿನ ಲ್ಯಾಬ್ ಇತ್ತು. ಈ ತೊಗಟೆ ಬ್ಯಾಕ್ಟೀರಿಯಾ ಕೊಲ್ಲುತ್ತದಾ, ನೋಡೇ ಬಿಡೋಣ ಅನಿಸಿತು.

ಗಿಡ ಅದೇನಾ ಅಂತ ಮೊದಲು ಬಾಟನಿ ಸರ್ ಹತ್ತಿರ ಖಾತ್ರಿ ಮಾಡಿಕೊಂಡೆ. ಸೆನ್ನಾ ಆರಿಕ್ಯುಲೇಟಾ, ಹಳೆ ಪುಸ್ತಕಗಳಲ್ಲಿ ಕ್ಯಾಸಿಯಾ. ತೊಗಟೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆ. 10 ಗ್ರಾಂ ಪುಡಿಯನ್ನು 100 ಮಿ.ಲೀ. ಎಥನಾಲ್ ಅನ್ನೋ ಆಲ್ಕೋಹಾಲ್‌ನಲ್ಲಿ ಎರಡು ದಿನ ನೆನೆಸಿ ಸೋಸಿದೆ. ಅಗರ್ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ. ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಹಚ್ಚಿದ ಅಗರ್ ತಟ್ಟೆಯಲ್ಲಿ 6 ಮಿ.ಮೀ. ಕುಳಿ ಕೊರೆದು ಅದರಲ್ಲಿ ತುಂಬಿದೆ. 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿದರೆ, ಕುಳಿಯ ಸುತ್ತ 16 ಮಿ.ಮೀ. ಅಗಲಕ್ಕೆ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ! ಅವ್ವನಿಗೆ ಫೋನ್ ಹಚ್ಚಿಯೇ ಬಿಟ್ಟೆ.

ಸೀನಿಯರ್ ಒಬ್ಬರು ತಟ್ಟೆ ನೋಡಿ ಒಂದೇ ಮಾತು ಕೇಳಿದರು: "ಬರೀ ಎಥನಾಲ್ ಹಾಕಿದ ಕುಳಿ ಎಲ್ಲಿ?" ಹಾಕಿರಲಿಲ್ಲ. ಮರುದಿನ ಹಾಕಿದೆ. ಅದರ ಸುತ್ತಲೂ 11 ಮಿ.ಮೀ. ಬಯಲು! ಕೈ ತೊಳೆಯೋ ಸ್ಯಾನಿಟೈಸರ್‌ನಲ್ಲಿ ಇರುವುದೂ ಅದೇ ಅಲ್ವಾ? ನಾಚಿಕೆ ಆಯಿತು.

ಈ ಸಲ ಸೋಸಿದ್ದನ್ನು ನೀರಿನ ಬಿಸಿಯಲ್ಲಿಟ್ಟು ಎಥನಾಲ್ ಪೂರ್ತಿ ಆರಿಸಿದೆ. ಉಳಿದ ಕಂದು ಅಂಟನ್ನು ತೂಗಿ, ತೆಳುಮಾಡಿದ ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿದೆ. ಬರೀ ಡಿಎಂಎಸ್‌ಒಗೆ ಒಂದು ಕುಳಿ, ಜೊತೆಗೆ ಹೋಲಿಸಿ ನೋಡಲು ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್‌ನ ಬಿಲ್ಲೆ. ಹೀಗೆ ಮೂರು ತಟ್ಟೆ. ಒಂದು ರಾತ್ರಿ ಕರೆಂಟು ಹೋಗಿ ಎಲ್ಲ ಕೆಟ್ಟಿತು, ಮತ್ತೆ ಮೊದಲಿಂದ. ಕೊನೆಗೆ ತಂಗಡಿಗೆ ಸಿಕ್ಕಿದ್ದು ಸರಾಸರಿ 12 ಮಿ.ಮೀ., ಜೆಂಟಾಮೈಸಿನ್‌ಗೆ 22. ಬರೀ ಡಿಎಂಎಸ್‌ಒ ಸುತ್ತ ಏನೂ ಇಲ್ಲ.

ಆದರೆ ಅವ್ವ ಎಥನಾಲ್‌ನಲ್ಲಿ ನೆನೆಸುವುದಿಲ್ಲವಲ್ಲ! ಅವಳಂತೆ ಒಂದು ಚರಿಗೆ ನೀರು ಅರ್ಧ ಆಗುವ ತನಕ ಕುದಿಸಿ ಹಾಕಿದೆ. ತಟ್ಟೆ ತುಂಬ ಬ್ಯಾಕ್ಟೀರಿಯಾ, ಕುಳಿಯ ಅಂಚಿನ ತನಕ.

ಅಳುಕುತ್ತಲೇ ಹೇಳಿದೆ. ಅವ್ವ ನಕ್ಕಳು: "ಹುಳ ಸಾಯ್ತದ ಅಂತ ನಾ ಎಂದ ಹೇಳೀನಿ? ಒಗರು ಹಿಡೀತದ, ಉರಿ ಕಡಿಮಿ ಆಗ್ತದ, ಅಷ್ಟೇ." ತಂಗಡಿ ತೊಗಟೆಯಲ್ಲಿ ಟ್ಯಾನಿನ್ ಜಾಸ್ತಿ, ಅದಕ್ಕೇ ಚರ್ಮ ಹದ ಮಾಡಲು ಬಳಸುತ್ತಾರೆ. ಬಾಯಿಯ ಒಳಮೈಯ ಪ್ರೋಟೀನನ್ನು ಅದು ಬಿಗಿ ಹಿಡಿಯುತ್ತದೆ. ಒಗರು ಅನ್ನೋದು ಅದನ್ನೇ. ಅವ್ವ ಹೇಳಿದ ಉರಿಯನ್ನು ಅಳೆಯಲು ನನ್ನ ಹತ್ತಿರ ಯಾವ ತಟ್ಟೆಯೂ ಇರಲಿಲ್ಲ.