ಗುಂಡಿ ಯಾರದ್ದು, ಕೇಸು ಯಾರ ಮೇಲೆ?

ರಸ್ತೆ ಗುಂಡಿಗೆ ಬೈಕ್ ಇಳಿದು ಹಿಂದೆ ಕೂತ ಹೆಂಡತಿಯ ಕೈ ಮುರಿದರೆ ಠಾಣೆಯಲ್ಲಿ ಮೊದಲ ಆರೋಪಿ ಆಗುವವನು ಗಂಡ. ಗುಂಡಿಯ ಮಾತು ಕಾಗದದ ಮೇಲೆ ಬರುವುದೇ ಕಷ್ಟ. ಅದು ಬಾರದಿದ್ದರೆ ಮುಂದೆ ಯಾವ ಕೋರ್ಟಿಗೆ ಹೋದರೂ ಕೈಯಲ್ಲಿ ಏನೂ ಇರುವುದಿಲ್ಲ.

ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಕೇಸು ಇನ್ನೂ ನಡೆಯುತ್ತಿದೆ, ಹಾಗಾಗಿ ರಸ್ತೆ, ಇಲಾಖೆಗಳ ಹೆಸರು ಬರೆಯುವುದಿಲ್ಲ. ಭತ್ತದ ಲಾರಿಗಳು ಓಡಾಡುವ ರಸ್ತೆ, ನೀರು ತುಂಬಿ ಕಾಣದಾದ ಗುಂಡಿ, ಹೆಂಡತಿಯ ಬಲಗೈ ಮೂಳೆ ಮುರಿತ. ಹೊಲಿಗೆ ಹೊಲಿಯುವವಳಿಗೆ ಬಲಗೈ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಠಾಣೆಯಲ್ಲಿ, "ಸೆಲ್ಫ್ ಆಕ್ಸಿಡೆಂಟ್ ಅಂತ ಬರ್ಕೊಂತೀವಿ ಬಿಡ್ರಿ ಸಾವ್ಕಾರ್ರೆ" ಅಂದರು. ಹಾಗೆ ಬರೆದರೆ 'ಅತಿವೇಗ ಮತ್ತು ಅಜಾಗರೂಕತೆ' ಎಂಬ ರೂಢಿಯ ಸಾಲು ತಾನಾಗಿ ಬಂದು ಕೂರುತ್ತದೆ. ನಾನು ಒಪ್ಪಲಿಲ್ಲ. ದೂರನ್ನು ಹೆಂಡತಿಯ ಹೆಸರಿನಲ್ಲಿ, ಅವಳ ಮಾತಿನಲ್ಲೇ ಬರೆಸಿದೆ: ಗುಂಡಿ ಎಲ್ಲಿತ್ತು, ಬೋರ್ಡ್ ಇರಲಿಲ್ಲ, ಬೀದಿದೀಪ ಉರಿಯುತ್ತಿರಲಿಲ್ಲ. ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 173ನೇ ಕಲಮಿನಲ್ಲಿ ಅವಕಾಶವಿದೆ. ಈ ಕಲಂ ಗೊತ್ತಿದೆ ಅಂತ ಮೆಲ್ಲಗೆ ಹೇಳಿದ್ದಷ್ಟೇ, ದೂರು ದಾಖಲಾಯಿತು.

ಸ್ಥಳ ಮಹಜರಿಗೆ ನಾನೇ ಟೇಪ್ ಹಿಡಿದುಕೊಂಡು ಹೋದೆ. ಗುಂಡಿಯ ಉದ್ದ, ಅಗಲ, ಆಳ ಪಂಚರ (ಮಹಜರಿನ ಸಾಕ್ಷಿಗಳ) ಎದುರು ಬರೆಸಿದೆ. ಫೋಟೋ ತೆಗೆಯುವಾಗ ಪಕ್ಕದ ಕರೆಂಟ್ ಕಂಬದ ನಂಬರ್ ಅದರಲ್ಲಿ ಬರುವ ಹಾಗೆ ನಿಂತು ತೆಗೆದೆ. ಬರೀ ಗುಂಡಿಯ ಫೋಟೋ ಯಾವ ಊರಿನದ್ದೂ ಆಗಬಹುದು. ಸುದ್ದಿ ಹರಡಿದ ಮೇಲೆ ಒಂದು ಟ್ರ್ಯಾಕ್ಟರ್ ಗರಸು ಬಂದು ಬೀಳುತ್ತದೆ, ಆಮೇಲೆ ಅಳೆಯಲು ಏನೂ ಉಳಿಯುವುದಿಲ್ಲ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯಾಳುಗಳ ದಾಖಲೆ) ಪುಸ್ತಕದಲ್ಲೂ 'ಬೈಕ್‌ನಿಂದ ಬಿದ್ದು' ಅಂತಷ್ಟೇ ಇರಬಾರದು, 'ರಸ್ತೆ ಗುಂಡಿಗೆ ಇಳಿದು ಬಿದ್ದು' ಅಂತಿರಬೇಕು. ಮುಂದೆ ಎದುರಿನ ವಕೀಲರು ಮೊದಲು ತೆರೆಯುವುದು ಅದೇ ಪುಟ. ಖರ್ಚಿನ ಚಿಂತೆ ಇದ್ದವರು ಇದನ್ನೂ ತಿಳಿದಿರಲಿ: 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ.

ಮುಂದಿನ ಪ್ರಶ್ನೆ, ಗುಂಡಿ ಯಾರದ್ದು? ಊರೊಳಗಿನ ರಸ್ತೆ ಅಂದಮಾತ್ರಕ್ಕೆ ನಗರಸಭೆಯದ್ದೇ ಆಗಬೇಕಿಲ್ಲ. ಒಂದೇ ಊರಿನ ಮೂಲಕ ರಾಷ್ಟ್ರೀಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯ ರಾಜ್ಯ ಹೆದ್ದಾರಿ, ನಗರಸಭೆಯ ರಸ್ತೆ ಮೂರೂ ಹಾಯುತ್ತವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯೇ ಎಷ್ಟು ಊರುಗಳ ಮುಖ್ಯರಸ್ತೆ ಆಗಿದೆ ನೋಡಿ. ಕಚೇರಿಯಿಂದ ಕಚೇರಿಗೆ ತಿರುಗುವುದು ಬಿಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ ಮೂವತ್ತು ದಿನ. ಕೇಳಿದ್ದು ಇಷ್ಟು: ಈ ರಸ್ತೆ ಯಾರ ಸುಪರ್ದಿಯಲ್ಲಿದೆ, ಕೊನೆಯ ಡಾಂಬರು ಕೆಲಸದ ಗುತ್ತಿಗೆದಾರರು ಯಾರು, ದೋಷ ಹೊಣೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸರಿಮಾಡಿಕೊಡಬೇಕಾದ ಅವಧಿ) ಎಂದಿನವರೆಗೆ. ಆ ಅವಧಿ ಮುಗಿದಿರದಿದ್ದರೆ ಗುತ್ತಿಗೆದಾರರನ್ನೂ ಪ್ರತಿವಾದಿ ಮಾಡಬಹುದು. ನಮ್ಮದರಲ್ಲಿ ಮುಗಿದಿರಲಿಲ್ಲ.

ಹಣದ ಮಾತಿಗೆ ಬಂದರೆ, ನಮಗೆ ಹತ್ತಿರದ ಬಾಗಿಲು ನಮ್ಮದೇ ಬೈಕಿನ ವಿಮೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಹೋದರೆ ವಾಹನ ಓಡಿಸಿದವನ ನಿರ್ಲಕ್ಷ್ಯ ತೋರಿಸಬೇಕು. ವಕೀಲರು ಇದನ್ನು ಬಿಡಿಸಿ ಹೇಳಿದಾಗ ಹೆಂಡತಿ ನನ್ನ ಮುಖ ನೋಡಿದಳು. "ಹಂಗಾರ ನೀವ ತಪ್ಪು ಮಾಡೀರಿ ಅಂತ ನಾ ಕೋರ್ಟಿನ್ಯಾಗ ಹೇಳಬೇಕೇನ್ರಿ?" ಕೇಳುವುದರಲ್ಲಿ ತಪ್ಪಿಲ್ಲ. ಅಲ್ಲಿ ಗಂಡನ ತಪ್ಪು, ಸಿವಿಲ್ ಕೋರ್ಟಿನಲ್ಲಿ ಗುಂಡಿಯ ತಪ್ಪು ಎಂದರೆ ಎರಡು ಕಡೆಯವರೂ ಒಂದರ ಪ್ರತಿಯನ್ನು ಇನ್ನೊಂದರಲ್ಲಿ ಹಾಜರುಪಡಿಸುತ್ತಾರೆ.

ಇದಕ್ಕೆ ಅದೇ ಕಾಯ್ದೆಯ 164ನೇ ಕಲಮಿನಲ್ಲಿ ದಾರಿ ಇದೆ. ತಪ್ಪು ಯಾರದೆಂದು ಹೇಳುವ ಅಗತ್ಯವೇ ಇಲ್ಲ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ನಿಗದಿ. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ನಾವು ಇದನ್ನೇ ಆರಿಸಿಕೊಂಡೆವು. ಆದರೆ ಪಾಲಿಸಿ ಪ್ಯಾಕೇಜ್ (ನಮ್ಮ ಗಾಡಿಯ ಹಾನಿಯೂ ಸೇರಿದ ಪೂರ್ಣ ವಿಮೆ) ಆಗಿರಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನ್ಯಾಯಮಂಡಳಿಗೆ ಅರ್ಜಿ ಹಾಕಲು 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಬಂದಿದೆ, ಅದನ್ನು ನೆನಪಿಟ್ಟುಕೊಂಡೇ ಓಡಾಡಿ. ಇನ್ನು ಬೈಕಿನ ಮಾಲೀಕನೇ ಓಡಿಸಿ ಬಿದ್ದಿದ್ದರೆ ಈ ದಾರಿ ಅವನಿಗಿಲ್ಲ. ಅವನಿಗಿರುವುದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ, ಅದೂ ಸಾವು ಅಥವಾ ಕೈಕಾಲು, ಕಣ್ಣು ಕಳೆದುಕೊಂಡಂಥ ಶಾಶ್ವತ ನಷ್ಟಕ್ಕೆ. ಕೂಡಿಕೊಳ್ಳುವ ಮೂಳೆಗೆ ಪೈಸೆ ಬರುವುದಿಲ್ಲ.

ಉಳಿದ ನಷ್ಟಕ್ಕೆ, ವಿಮೆಯದ್ದನ್ನು ಕಳೆದು, ಸಿವಿಲ್ ದಾವೆ. ಸರ್ಕಾರದ ಮೇಲೆ ಹಾಕುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ದಾವೆಗೆ ಮೂರು ವರ್ಷ ಇದೆ ಎನ್ನುವವರ ಮಾತು ಕೇಳಬೇಡಿ. ಕಾನೂನಿನಡಿಯ ಕೆಲಸ ಮಾಡದೆ ಬಿಟ್ಟದ್ದಕ್ಕೆ ಪರಿಹಾರ ಕೇಳಿದರೆ ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದದಂತೆ ಒಂದೇ ವರ್ಷ ಎಂಬ ವಾದ ಎದುರಾಗುತ್ತದೆ. ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಪಡೆದೆವು, ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.

ಹೈಕೋರ್ಟಿಗೆ ರಿಟ್ (ಸರ್ಕಾರದ ವಿರುದ್ಧ ನೇರ ಅರ್ಜಿ) ಹಾಕಿ ಎಂದವರೂ ಇದ್ದರು. ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ ಹೋಗಬೇಕು. ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗ, ಗುಂಡಿಯಿಂದ ಗಾಯವಾದವರು ಪರಿಹಾರ ಕೇಳಬಹುದು ಎಂದು ನಮ್ಮ ಹೈಕೋರ್ಟ್ ಬೆಂಗಳೂರಿನ ರಸ್ತೆಗಳ ಪ್ರಕರಣದಲ್ಲಿ 2019ರಲ್ಲಿ ಹೇಳಿದೆ. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ ಎಂದು ಮೊತ್ತವನ್ನೇ ಗೊತ್ತುಮಾಡಿತು, ಅದು ಮಹಾರಾಷ್ಟ್ರಕ್ಕೆ. ಎರಡನ್ನೂ ದಾವೆಯಲ್ಲಿ ಉಲ್ಲೇಖಿಸಿದ್ದೇವೆ. ರಿಟ್ ಮಾತ್ರ ಹಾಕಲಿಲ್ಲ. ಅಪಘಾತ ಹೇಗಾಯಿತೆಂಬುದರಲ್ಲೇ ತಕರಾರು ಇದ್ದಾಗ ಸಿವಿಲ್ ಕೋರ್ಟಿಗೆ ಹೋಗಿ ಎನ್ನುವುದೇ ಹೆಚ್ಚು.

ಗುಂಡಿ ಮುಚ್ಚಿಸಲು ಇದ್ಯಾವುದಕ್ಕೂ ಕಾಯಬೇಕಿಲ್ಲ. ಸಾರ್ವಜನಿಕ ದಾರಿಯ ತೊಂದರೆ ತೆಗೆಸಲು ಸಹಾಯಕ ಆಯುಕ್ತರಿಗೆ ಉಪವಿಭಾಗೀಯ ದಂಡಾಧಿಕಾರಿಯಾಗಿ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅಧಿಕಾರವಿದೆ. ದುಡ್ಡಿಲ್ಲ ಎಂಬ ನೆಪ ನಡೆಯದೆಂದು ಮಧ್ಯಪ್ರದೇಶದ ರತ್ಲಾಮ್ ನಗರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿಯಾಗಿದೆ. ಒಂದು ಹಾಳೆಯ ಅರ್ಜಿ, ಫೋಟೋ, ಮಹಜರಿನ ಪ್ರತಿ ಸಾಕಾಯಿತು. ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಲ್ಲಿ ರಸ್ತೆ ನಿರ್ವಹಣೆ ಮಾಡದವರಿಗೆ 1 ಲಕ್ಷದವರೆಗೆ ದಂಡ ಇದೆ ಎಂದು ಹಲವರು ಉತ್ಸಾಹದಿಂದ ಹೇಳುತ್ತಾರೆ. ಆ ಕಲಂ ಅನ್ವಯಿಸುವುದು ಸಾವು ಅಥವಾ ಅಂಗವೈಕಲ್ಯ ಆದಾಗ, ದಂಡವೂ ಸರ್ಕಾರದ ಅಪಘಾತ ನಿಧಿಗೆ ಹೋಗುತ್ತದೆ, ಬಿದ್ದವರಿಗಲ್ಲ.

ಈಗ ದಾವೆಯಲ್ಲಿ ಮೂಳೆ ವೈದ್ಯರ ಸಾಕ್ಷಿ ಬಾಕಿ ಇದೆ. ಕೈ ಎಷ್ಟು ಮಡಚುತ್ತದೆ, ಎಷ್ಟು ಶೇಕಡಾ ಶಕ್ತಿ ಹೋಗಿದೆ ಎಂದು ಅವರು ಹೇಳಬೇಕು. ಗಳಿಕೆ ತೋರಿಸಲು ಹೆಂಡತಿಯ ಅಳತೆ ಪುಸ್ತಕವನ್ನೇ ಕೊಟ್ಟಿದ್ದೇವೆ, ಗಿರಾಕಿಗಳ ಹೆಸರು, ಬ್ಲೌಸಿನ ಅಳತೆ, ಬಂದ ದುಡ್ಡು ಎಲ್ಲ ತಾರೀಖಿನ ಸಮೇತ ಅದರಲ್ಲಿವೆ.